ಗ್ರೀಸ್ ಹತ್ತಿದ ಕೈಗೆ ಬೇರೆ ತಕ್ಕಡಿ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ಬೆಳಗಾವಿಯ ಯಾವ ಓಣಿಗೆ ಹೋದರೂ, ಖಾನಾಪುರದ ಯಾವ ಚಹಾದಂಗಡಿಯಲ್ಲಿ ಕೂತರೂ ಒಂದೇ ಸಲಹೆ ಕಿವಿಗೆ ಬೀಳುತ್ತದೆ. “ಎಷ್ಟರೆ ಸಾಲ ಆಗ್ಲಿ, ಹುಡುಗಗ ಬಿಇ ಮಾಡಸ್ರಿ. ಐಟಿಐ, ಡಿಪ್ಲೊಮಾ ಅಂತ ಹೋದ್ರ ಗ್ಯಾರೇಜಿನ್ಯಾಗ ನಟ್ ಬಿಚ್ಕೋತ ಕೂಡ್ತಾನ.” ಹೇಳುವವರು ಸಾಲಿ ಮಾಸ್ತರು, ಸೋದರಮಾವ, ಸೊಸೈಟಿಯ ಮ್ಯಾನೇಜರು, ಕೆಲವೊಮ್ಮೆ ಸ್ವತಃ ಗ್ಯಾರೇಜಿನ ಮಾಲೀಕ. ವಾಹನದ ಕೆಲಸ ಕಲಿಸುವ ಓದಿಗೆ ಹಾಕಿದ ದುಡ್ಡು ವಾಪಸ್ ಬರುವುದಿಲ್ಲ, ಬಿಇಗೆ ಹಾಕಿದ್ದು ಬಂದೇ ಬರುತ್ತದೆ ಎಂಬುದು ಈ ಭಾಗದಲ್ಲಿ ಚರ್ಚೆಯೇ ಬೇಡದ ಸತ್ಯವಾಗಿ ಕೂತುಬಿಟ್ಟಿದೆ. ಈ ಸತ್ಯವನ್ನು ಯಾರೂ ಕಾಗದದ ಮೇಲೆ ಕೂಡಿಸಿ ಕಳೆದು ನೋಡಿಲ್ಲ ಎಂಬುದೇ ನನ್ನ ತಕರಾರು. ಕೂಡಿಸಿ ಕಳೆದರೆ ಅದು ನಿಲ್ಲುವುದಿಲ್ಲ.

ಮೊದಲು ಹೋಲಿಕೆ ನಡೆಯುವ ರೀತಿ ನೋಡಿ. ಬಿಇ ಬಗ್ಗೆ ಮಾತು ಬಂದಾಗ ಎತ್ತಿ ತೋರಿಸುವುದು ಪುಣೆಯ ಹಿಂಜೆವಾಡಿಯಲ್ಲೋ ಬೆಂಗಳೂರಿನ ವೈಟ್‌ಫೀಲ್ಡಿನಲ್ಲೋ ಕೂತು ತಿಂಗಳಿಗೆ ಲಕ್ಷ ಎಣಿಸುವ ಯಾರದೋ ಅಳಿಯನನ್ನು. ಚನ್ನಮ್ಮ ವೃತ್ತದ ಸುತ್ತ ಕಟ್ಟುವ ಕಾಲೇಜು ಬ್ಯಾನರುಗಳಲ್ಲೂ ಅತಿ ಹೆಚ್ಚು ಪ್ಯಾಕೇಜು ಪಡೆದ ಹುಡುಗನ ಫೋಟೊ ಇರುತ್ತದೆ, ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ಮೊತ್ತ. ಐಟಿಐ ಮಾತು ಬಂದ ಕೂಡಲೇ ಉದಾಹರಣೆ ಕೆಳಗಿಳಿಯುತ್ತದೆ: ಸರ್ವಿಸ್ ಸೆಂಟರಿನಲ್ಲಿ ಮೂರು ವರ್ಷವಾದರೂ ಗಾಡಿ ತೊಳೆಯುತ್ತಿರುವ ಪಕ್ಕದ ಮನೆಯ ಹುಡುಗ. ಒಂದು ಓದನ್ನು ಅದರ ಮೊದಲ ರ‍್ಯಾಂಕಿನವನಿಂದ, ಇನ್ನೊಂದನ್ನು ಅದರ ಕೊನೆಯ ಬೆಂಚಿನವನಿಂದ ಅಳೆದರೆ ಬರುವ ಫಲಿತಾಂಶ ಅಳೆಯುವ ಮೊದಲೇ ನಿರ್ಧಾರವಾಗಿರುತ್ತದೆ. ಎರಡೂ ಕಡೆ ಎಲ್ಲರನ್ನೂ ಪಗಾರದ ಪ್ರಕಾರ ಸಾಲಾಗಿ ನಿಲ್ಲಿಸಿ, ನಟ್ಟನಡುವೆ ನಿಂತವನನ್ನು ಕರೆದು ಕೇಳಬೇಕು. ಆ ನಡುವಿನವನ ಫೋಟೊ ಯಾವ ಬ್ಯಾನರಿನಲ್ಲೂ ಇಲ್ಲ. ನನ್ನ ಮಗ, ನಿಮ್ಮ ಮಗ ಬಹುಮಟ್ಟಿಗೆ ಅವನೇ.

ಈಗ ಖರ್ಚು. ಖಾನಾಪುರ ತಾಲ್ಲೂಕಿನ ನಂದಗಡದ ಒಂದು ಮಧ್ಯಮ ರೈತ ಕುಟುಂಬ ಅಂತಿಟ್ಟುಕೊಳ್ಳೋಣ. ಮುಂದಿನ ಅಂಕಿಗಳು ನಾನು ಲೆಕ್ಕಕ್ಕೆ ಹಿಡಿದವು; ನಿಮ್ಮ ಕಾಲೇಜಿನ ಅಂಕಿ ಹಾಕಿ ನೀವೂ ಮಾಡಿ ನೋಡಬಹುದು. ಖಾಸಗಿ ಕಾಲೇಜಿನ ಬಿಇಗೆ ಶುಲ್ಕ, ಹಾಸ್ಟೆಲ್ಲು, ಊಟ, ಪುಸ್ತಕ, ಲ್ಯಾಪ್‌ಟಾಪು ಸೇರಿ ನಾಲ್ಕು ವರ್ಷಕ್ಕೆ ಏಳು ಲಕ್ಷ. ಮ್ಯಾನೇಜ್‌ಮೆಂಟ್ ಸೀಟಾದರೆ ಇದು ಎಲ್ಲಿಗೆ ಮುಟ್ಟುತ್ತದೆಯೋ ಬಿಡಿ. ಸರ್ಕಾರಿ ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ಟ್ರೇಡು ಎರಡು ವರ್ಷದ್ದು. ಅಲ್ಲಿ ಶುಲ್ಕ ಎನ್ನುವುದು ಖಾನಾಪುರ-ಬೆಳಗಾವಿ ಬಸ್ ಪಾಸು, ಸಮವಸ್ತ್ರಗಳ ಮುಂದೆ ಎದ್ದು ಕಾಣುವ ಮೊತ್ತವೇ ಅಲ್ಲ. ಹುಡುಗಿಯಾದರೆ ಬಸ್ಸಿನ ಖರ್ಚೂ ಇಲ್ಲ, 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. (ಆದರೂ ಈ ಟ್ರೇಡಿನಲ್ಲಿ ಹುಡುಗಿಯರು ಯಾಕೆ ಇಷ್ಟು ಕಡಿಮೆ ಎಂಬುದು ಇನ್ನೊಂದು ಲೇಖನದ ವಿಷಯ. ಅದರ ಉತ್ತರ ಬಸ್ಸಿನಲ್ಲಿಲ್ಲ, ಮನೆಯಲ್ಲಿದೆ.)

ಇಷ್ಟನ್ನು ಎಲ್ಲರೂ ಒಪ್ಪುತ್ತಾರೆ. ಯಾರೂ ಬರೆದುಕೊಳ್ಳದ ಖರ್ಚು ಬೇರೆ ಇದೆ. ಹದಿನಾರಕ್ಕೆ ಎಸ್‌ಎಸ್‌ಎಲ್‌ಸಿ ಮುಗಿಸಿದವನು ಹದಿನೆಂಟಕ್ಕೆ ಐಟಿಐ ಮುಗಿಸುತ್ತಾನೆ, ಪಿಯುಸಿ ಹಾದಿ ಹಿಡಿದವನು ಇಪ್ಪತ್ತೆರಡಕ್ಕೆ ಬಿಇ ಮುಗಿಸುತ್ತಾನೆ. ನಡುವಿನ ನಾಲ್ಕು ವರ್ಷ ಒಬ್ಬ ದುಡಿಯುತ್ತಿರುತ್ತಾನೆ, ಇನ್ನೊಬ್ಬ ಕಟ್ಟುತ್ತಿರುತ್ತಾನೆ. ಮೊದಲ ವರ್ಷ ಅಪ್ರೆಂಟಿಸ್ ಆಗಿ ತಿಂಗಳಿಗೆ 7,000, ಆಮೇಲೆ 12, 14, 16 ಸಾವಿರ ಅಂತ ಹಿಡಿದರೂ ನಾಲ್ಕು ವರ್ಷಕ್ಕೆ 5 ಲಕ್ಷ 88 ಸಾವಿರ ಆಯಿತು. ಕಟ್ಟಿದ ಏಳು ಲಕ್ಷದ ಜೊತೆ ಈ ಕೈತಪ್ಪಿದ ಗಳಿಕೆ ಸೇರಿಸಿ: 12 ಲಕ್ಷ 88 ಸಾವಿರ. ಇಪ್ಪತ್ತೆರಡನೆಯ ವಯಸ್ಸಿಗೆ ಇಬ್ಬರ ನಡುವೆ ಇರುವ ಅಂತರ ಇದು, ಬಡ್ಡಿ ಬಿಟ್ಟು.

ಬಿಇ ಮುಗಿಸಿದವನು ಆಮೇಲೆ ತಿಂಗಳಿಗೆ ಹತ್ತು ಸಾವಿರ ಹೆಚ್ಚು ತಂದರೆ ಈ ಅಂತರ ಮುಚ್ಚಲು ಹೆಚ್ಚುಕಡಿಮೆ ಹತ್ತೂ ಮುಕ್ಕಾಲು ವರ್ಷ ಬೇಕು. ಐದು ಸಾವಿರ ಹೆಚ್ಚು ತಂದರೆ ಇಪ್ಪತ್ತೊಂದು ವರ್ಷ ದಾಟುತ್ತದೆ. ಮೂವತ್ತು ಸಾವಿರ ಹೆಚ್ಚು ತರುವವನಿಗೆ ನಾಲ್ಕು ವರ್ಷದೊಳಗೇ ಮುಗಿಯುತ್ತದೆ. ಅವನ ಬಗ್ಗೆ ನನಗೆ ಮಾತಿಲ್ಲ, ಅವನು ಓದಲೇಬೇಕು. ಆದರೆ ಅವನು ಬ್ಯಾನರಿನ ಹುಡುಗ. ದೊಡ್ಡ ಐಟಿ ಕಂಪನಿಗಳು ಹೊಸಬರಿಗೆ ಕೊಡುವ ವಾರ್ಷಿಕ ಮೂರೂವರೆ ಲಕ್ಷದ ಆಸುಪಾಸಿನ ಪಗಾರ ಹತ್ತು ವರ್ಷದಿಂದ ಅಲ್ಲೇ ನಿಂತಿದೆ ಎಂಬುದು ಆ ಉದ್ಯಮದವರೇ ಒಪ್ಪುವ ಮಾತು. ಅದರಲ್ಲಿ ಪಿಎಫ್, ಪಿಜಿ ಬಾಡಿಗೆ, ಊಟ, ಹಬ್ಬಕ್ಕೆ ಊರಿಗೆ ಬರುವ ಬಸ್ಸಿನ ದುಡ್ಡು ಕಳೆಯಿರಿ. ಏಳು ಲಕ್ಷವನ್ನು ಶೇ 10ರ ಬಡ್ಡಿಗೆ ಏಳು ವರ್ಷದ ಸಾಲವಾಗಿ ತಂದಿದ್ದರೆ ತಿಂಗಳ ಕಂತು 11,600 ರೂಪಾಯಿ. ಓದುವಾಗ ಬೆಳೆದ ಬಡ್ಡಿ ಇದರಲ್ಲಿ ಸೇರಿಲ್ಲ. ಪುಣೆಯಲ್ಲಿ ಕೂತ ಮಗನಿಗೆ ನಂದಗಡದ ಅಪ್ಪ ತಿಂಗಳ ಕೊನೆಗೆ ಫೋನ್ ಪೇ ಮಾಡುವ ಕಾರಣ ಇಲ್ಲಿದೆ.

ಇಲ್ಲಿಗೆ ಬಂದಾಗ ಎದುರು ಪಕ್ಷದವರು ಒಂದು ಅಂಕಿ ಎತ್ತುತ್ತಾರೆ: ಜೀವಮಾನದ ಲೆಕ್ಕದಲ್ಲಿ ಪದವೀಧರನ ಸರಾಸರಿ ಗಳಿಕೆ ಹೆಚ್ಚು. ಸರಾಸರಿಯಲ್ಲಿ ಡಾಕ್ಟರು, ಡಿಸಿ, ಕಂಪನಿ ಮಾಲೀಕ ಎಲ್ಲರೂ ಸೇರಿರುತ್ತಾರೆ. ಕೆಲಸವೇ ಸಿಗದವನು ಮಾತ್ರ ಆ ಲೆಕ್ಕದ ಹೊರಗೆ ನಿಂತಿರುತ್ತಾನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿಯಲ್ಲಿ 2022ರ ಸ್ಥಿತಿ ಹೀಗಿದೆ: ಯುವ ಪದವೀಧರರಲ್ಲಿ ನಿರುದ್ಯೋಗ ಶೇ 29.1, ಓದು ಬರಹ ಬಾರದ ಯುವಕರಲ್ಲಿ ಶೇ 3.4. ಓದದಿರುವುದೇ ಲೇಸು ಎಂದು ಇದರ ಅರ್ಥವಲ್ಲ. ಬಡವನಿಗೆ ಕೆಲಸವಿಲ್ಲದೆ ಕೂರುವ ಅನುಕೂಲವೇ ಇಲ್ಲ, ಸಿಕ್ಕ ಕೂಲಿಗೆ ಹೋಗುತ್ತಾನೆ. ಆದರೆ ಪದವಿ ಕೈಗೆ ಬಂದರೆ ಗಳಿಕೆ ಗ್ಯಾರಂಟಿ ಎಂಬ ಮಾತನ್ನಾದರೂ ಈ ಅಂಕಿ ನೋಡಿದ ಮೇಲೆ ಬಿಡಬೇಕಲ್ಲ.

ಇನ್ನೊಂದು ಸುಳ್ಳು ಇದಕ್ಕಿಂತ ಹಾನಿಕರ. ಐಟಿಐ, ಡಿಪ್ಲೊಮಾ ಹಾದಿ ಹಿಡಿದವನಿಗೆ ಮುಂದೆ ದಾರಿ ಬಂದ್ ಎನ್ನುವುದು. ವರ್ಷಗಳನ್ನು ಬೆರಳಲ್ಲಿ ಎಣಿಸಿ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಪಿಯುಸಿ ಎರಡು, ಬಿಇ ನಾಲ್ಕು: ಆರು ವರ್ಷ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಡಿಪ್ಲೊಮಾ ಮೂರು, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೇ ವರ್ಷಕ್ಕೆ ಸೇರಿದರೆ ಬಿಇ ಮೂರು: ಅದೂ ಆರು ವರ್ಷವೇ. ಐಟಿಐಯಿಂದ ಹೊರಟವನು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು, ಅಲ್ಲಿಂದ ಬಿಇ ಎರಡನೇ ವರ್ಷಕ್ಕೆ: ಎರಡು, ಎರಡು, ಮೂರು, ಒಟ್ಟು ಏಳು. ಒಂದೇ ಒಂದು ವರ್ಷ ಹೆಚ್ಚು. ಪಿಯುಸಿ ಸೈನ್ಸ್ ಹಾದಿಯಲ್ಲಿ ನಡುವೆ ಮುಗ್ಗರಿಸಿದವನ ಕೈಯಲ್ಲಿ ಉಳಿಯುವುದು ಪಿಯುಸಿ ಮಾರ್ಕ್ಸ್ ಕಾರ್ಡು. ಆಟೊಮೊಬೈಲ್ ಹಾದಿಯಲ್ಲಿ ಎಲ್ಲಿ ನಿಂತರೂ ಕೈಯಲ್ಲೊಂದು ಕೆಲಸ ಇರುತ್ತದೆ. ಅಪ್ಪನ ಆರೋಗ್ಯ, ಮಳೆ, ಕಬ್ಬಿನ ಬಾಕಿ ಇವುಗಳ ಮೇಲೆ ಓದು ನಿಂತಿರುವ ಮನೆಗಳಿಗೆ ನಡುವೆ ಇಳಿಯಬಹುದಾದ ನಿಲ್ದಾಣಗಳಿರುವ ಹಾದಿಯೇ ಕ್ಷೇಮ. ಇದನ್ನು ಹೇಳಬೇಕಾದ ಮಾಸ್ತರುಗಳು, ದಡ್ಡರನ್ನು ಕಳಿಸುವ ಜಾಗ ಐಟಿಐ ಅಂತ ತರಗತಿಯಲ್ಲೇ ಹೇಳುತ್ತಾರೆ.

ಕೆಲಸಕ್ಕೆ ಬೆಲೆ ಇಲ್ಲ ಎನ್ನುವವರಿಗೆ ಆರ್‌ಟಿಒ ಇನ್‌ಸ್ಪೆಕ್ಟರ್ ಹುದ್ದೆ ನೆನಪಿಸುತ್ತೇನೆ. ಬೆಳಗಾವಿಯಲ್ಲಿ ಆ ಹುದ್ದೆಗೆ ಇರುವ ಗೌರವ, ಕಾರಣ ಏನೇ ಇರಲಿ, ಎಲ್ಲರಿಗೂ ಗೊತ್ತು. ಮೋಟಾರು ವಾಹನ ಕಾಯ್ದೆಯ 213ನೇ ಕಲಮಿನ ಅಡಿ ಕೇಂದ್ರ ಸರ್ಕಾರ 1989ರಲ್ಲಿ ನಿಗದಿ ಮಾಡಿದ ಕನಿಷ್ಠ ಅರ್ಹತೆ ಎಸ್‌ಎಸ್‌ಎಲ್‌ಸಿ, ಆಟೊಮೊಬೈಲ್ ಇಲ್ಲವೇ ಮೆಕ್ಯಾನಿಕಲ್ ಡಿಪ್ಲೊಮಾ, ವರ್ಕ್‌ಶಾಪಿನಲ್ಲಿ ದುಡಿದ ಅನುಭವ, ಡ್ರೈವಿಂಗ್ ಲೈಸೆನ್ಸು. ಅಂದರೆ ಕೈಗೆ ಗ್ರೀಸ್ ಹತ್ತಿರಬೇಕು ಎಂದು ಕಾಯ್ದೆಯೇ ಕೇಳಿತ್ತು. ರೈಲ್ವೆಯ ಸಹಾಯಕ ಲೋಕೊ ಪೈಲಟ್ ಹುದ್ದೆಗೆ, ಮೂಲ ವೇತನ 19,900, ಎಸ್‌ಎಸ್‌ಎಲ್‌ಸಿ ಜೊತೆ ಐಟಿಐ ಬೇಕು. ಮೋಟಾರು ಮೆಕ್ಯಾನಿಕ್, ಡೀಸೆಲ್ ಮೆಕ್ಯಾನಿಕ್ ಟ್ರೇಡುಗಳು ಅದಕ್ಕೆ ಒಪ್ಪುವ ಟ್ರೇಡುಗಳ ಪಟ್ಟಿಯಲ್ಲಿವೆ. 2024ರ ಜನವರಿಯಲ್ಲಿ 5,696 ಹುದ್ದೆಗೆ ಕರೆದು, ಜೂನ್‌ನಲ್ಲಿ ಅದನ್ನು 18,799ಕ್ಕೆ ಏರಿಸಿದರು. ಆ ಅಧಿಸೂಚನೆಯಲ್ಲಿ ಐಟಿಐ ಬದಲಿಗೆ ಡಿಪ್ಲೊಮಾ ಅಥವಾ ಇಂಜಿನಿಯರಿಂಗ್ ಪದವಿಯೂ ನಡೆಯುತ್ತದೆ ಎಂದಿತ್ತು. ಹಾಗಾಗಿ ಏಳು ಲಕ್ಷ ಸುರಿದ ಬಿಇ ಹುಡುಗ ಲೋಂಡಾ ಜಂಕ್ಷನ್ನಿನಲ್ಲಿ ರೈಲು ಹಿಡಿದು ಪರೀಕ್ಷೆಗೆ ಹೋದಾಗ ಅವನ ಪಕ್ಕದ ಕುರ್ಚಿಯಲ್ಲಿ ಕೂರುವವನು ಬಸ್ ಪಾಸಿನಲ್ಲಿ ಐಟಿಐ ಮುಗಿಸಿದವನು.

ಪಗಾರ ಕಡಿಮೆ ಎಂಬ ದೂರು ಮಾತ್ರ ನಿಜ. ಇಷ್ಟು ಹೊತ್ತು ಐಟಿಐ ಪರ ವಾದಿಸಿದ ನಾನು ಅದನ್ನು ಮುಚ್ಚಿಡುವುದಿಲ್ಲ. ಅಪ್ರೆಂಟಿಸ್ ನಿಯಮಗಳನ್ನು 2019ರಲ್ಲಿ ಪರಿಷ್ಕರಿಸಿದಾಗ ಐಟಿಐ ಆದವನ ಕನಿಷ್ಠ ಸ್ಟೈಪೆಂಡು 7,000, ಡಿಪ್ಲೊಮಾದವನದು 8,000, ಪದವೀಧರನದು 9,000 ಎಂದು ಬರೆದರು. ಇದನ್ನು ಶೇ 36ರಷ್ಟು ಹೆಚ್ಚಿಸಬೇಕು ಎಂದು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ನಡುವೆ ಹೋದ ಆರು ವರ್ಷದಲ್ಲಿ ಅಡುಗೆ ಎಣ್ಣೆಯ ಬೆಲೆ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಹೇಳಬೇಕಿಲ್ಲ. ಹವಾನಿಯಂತ್ರಿತ ಶೋರೂಮಿನ ಹಿಂದುಗಡೆಯ ವರ್ಕ್‌ಶಾಪಿನಲ್ಲಿ ಜಾಬ್ ಕಾರ್ಡಿನ ಮೇಲೆ ಗ್ರಾಹಕನಿಗೆ ಹಾಕುವ ಲೇಬರ್ ಚಾರ್ಜು ಎಷ್ಟು, ಅದರಲ್ಲಿ ನಟ್ ಬಿಚ್ಚಿದ ಕೈಗೆ ಬರುವುದೆಷ್ಟು ಎಂದು ಮುಂದಿನ ಸರ್ವಿಸಿಂಗಿನ ದಿನ ನೀವೇ ವಿಚಾರಿಸಿ ನೋಡಿ.

ಆದರೆ ಈ ಕಡಿಮೆ ಪಗಾರಕ್ಕೆ ಓದು ಕಾರಣವೇ? ನಮ್ಮಲ್ಲಿ ಯಾರು ಬೇಕಾದರೂ ಗ್ಯಾರೇಜು ತೆಗೆಯಬಹುದು, ಯಾರು ಬೇಕಾದರೂ ಬ್ರೇಕು ಬಿಚ್ಚಬಹುದು. ಬಸ್ಸಿನ ಬ್ರೇಕನ್ನು ಓದಿದವನೇ ಮುಟ್ಟಬೇಕೆಂದು ಯಾವ ಕಾಯ್ದೆಯೂ ಕೇಳುವುದಿಲ್ಲ. ಕೇಳದ ಪ್ರಮಾಣಪತ್ರಕ್ಕೆ ಮಾಲೀಕ ಯಾಕೆ ಹೆಚ್ಚು ಕೊಟ್ಟಾನು? ಜರ್ಮನಿಯಲ್ಲಿ ವಾಹನ ಮೆಕ್ಯಾನಿಕ್ ಆಗಲು ಮೂರೂವರೆ ವರ್ಷ ಗ್ಯಾರೇಜು ಮತ್ತು ಶಾಲೆ ಎರಡರಲ್ಲೂ ಕಲಿಯಬೇಕು, ಕಲಿಯುವಾಗಲೇ ಸಂಬಳ ಇರುತ್ತದೆ. ಸ್ವಂತ ಗ್ಯಾರೇಜು ನಡೆಸಬೇಕಾದರೆ, ಕೆಲವು ವಿನಾಯಿತಿ ಬಿಟ್ಟರೆ, ಅದರ ಮೇಲೊಂದು ಮಾಸ್ಟರ್ ಪರೀಕ್ಷೆ ಪಾಸಾಗಬೇಕು. ಅಮೆರಿಕದಲ್ಲಿ ಅಷ್ಟು ಕಟ್ಟುನಿಟ್ಟಿಲ್ಲ; ಅಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಆಟೊಮೋಟಿವ್ ಓದಿದವನು ವರ್ಕ್‌ಶಾಪಿಗೆ ಹೋಗುತ್ತಾನೆ. ಅಲ್ಲಿನ ಕಾರ್ಮಿಕ ಇಲಾಖೆಯ 2024ರ ಅಂಕಿಯಲ್ಲಿ, ಮೆಕ್ಯಾನಿಕ್‌ಗಳ ಸಾಲಿನ ನಟ್ಟನಡುವೆ ನಿಂತವನ ವಾರ್ಷಿಕ ಗಳಿಕೆ 49 ಸಾವಿರ ಡಾಲರಿನ ಮೇಲಿದೆ. ಆ ದೇಶದ ಎಲ್ಲ ಉದ್ಯೋಗಗಳ ನಡುವಿನವನ ಗಳಿಕೆಯೂ ಹೆಚ್ಚುಕಡಿಮೆ ಅಷ್ಟೇ. ಮೆಕ್ಯಾನಿಕ್ ಅಲ್ಲಿ ದೇಶದ ನಡುವಿನ ಮನುಷ್ಯ. ಇಲ್ಲಿ ಅವನನ್ನು ಕೆಳಗೆ ನಿಲ್ಲಿಸಿದವರು ನಾವು, ಆಮೇಲೆ ಅವನು ಕೆಳಗಿದ್ದಾನೆ ಎಂಬುದನ್ನೇ ಅವನ ಓದಿನ ವಿರುದ್ಧ ಸಾಕ್ಷಿಯಾಗಿ ಹೇಳುವವರೂ ನಾವೇ.

ನಾವು ಅಂದರೆ ಸರ್ಕಾರವೂ ಸೇರಿತು. ಯುಪಿಎ ಕಾಲದಲ್ಲಿ, 2013ರ ಹೊತ್ತಿಗೆ, ಯುಜಿಸಿ ಸಮುದಾಯ ಕಾಲೇಜುಗಳ ಯೋಜನೆ ತಂದಿತು, ಮರುವರ್ಷ ಬಿ.ವೋಕ್ ಪದವಿ. ಅಮೆರಿಕದ ಮಾದರಿಯೇ. ಖಾನಾಪುರದ ಪಾಲಕರ ಕಿವಿಗೆ ಆ ಹೆಸರೂ ಬೀಳಲಿಲ್ಲ. ಕರ್ನಾಟಕ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಸುಮಾರು 4,636 ಕೋಟಿ ರೂಪಾಯಿಯ ಯೋಜನೆಯಲ್ಲಿ ಮೇಲಕ್ಕೆತ್ತಿತು, ವಿದ್ಯುತ್ ವಾಹನ ಮೆಕ್ಯಾನಿಕ್ ಕೋರ್ಸು ಕೂಡ ಬಂತು. ಒಳ್ಳೆಯ ಕೆಲಸ. ಅದೇ ಸರ್ಕಾರಿ ಖಜಾನೆಯಿಂದ ಬರುವ ಯುವನಿಧಿಯಲ್ಲಿ ನಿರುದ್ಯೋಗಿ ಪದವೀಧರನಿಗೆ ತಿಂಗಳಿಗೆ 3,000, ನಿರುದ್ಯೋಗಿ ಡಿಪ್ಲೊಮಾದವನಿಗೆ 1,500. ಇಬ್ಬರ ಹಸಿವೂ ಒಂದೇ, ಇಬ್ಬರಿಗೂ ಕೆಲಸವಿಲ್ಲ. ಆದರೂ ಡಿಪ್ಲೊಮಾದವನ ಖಾಲಿ ಕೈಗೆ ಅರ್ಧ ಬೆಲೆ ಎಂದು ವಿಧಾನಸೌಧವೇ ಬರೆದುಕೊಟ್ಟ ಮೇಲೆ ಸೋದರಮಾವನನ್ನು ಬೈದು ಏನು ಪ್ರಯೋಜನ?

ಇತ್ತೀಚೆಗೆ ಹೊಸದೊಂದು ವಾದ ಸೇರಿದೆ: ಇವಿ ಬರ್ತಾವ, ಇನ್ನ ಮೆಕ್ಯಾನಿಕ್‌ಗೆ ಕೆಲಸ ಎಲ್ಲೈತಿ? ವಿದ್ಯುತ್ ವಾಹನದಿಂದ ನಡುಗಬೇಕಾದವರು ಬೆಳಗಾವಿಯಲ್ಲಿ ಇದ್ದಾರೆ. ಉದ್ಯಮಬಾಗ, ಮಚ್ಛೆಯ ಫೌಂಡ್ರಿಗಳಲ್ಲಿ ವಾಹನ ಕಂಪನಿಗಳಿಗೆ ಎರಕ ಹೊಯ್ಯುವವರು ಇಂಜಿನ್ನೇ ಇಲ್ಲದ ಗಾಡಿಯ ಬಗ್ಗೆ ಯೋಚಿಸಲೇಬೇಕು. ದುರಸ್ತಿ ಮಾಡುವವನ ಕಥೆ ಬೇರೆ. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದಾಗ ಏನಾಯಿತು ನೋಡಿ. ಡೀಸೆಲ್ ಲಾರಿಗಳಿಗೆ ಯೂರಿಯಾ ದ್ರಾವಣದ ಟ್ಯಾಂಕು ಬಂತು, ಹೊಗೆ ಕೊಳವೆಗೆ ಸೆನ್ಸರುಗಳು ಬಂದವು, ಒಂದು ಸೆನ್ಸರು ತಪ್ಪು ಓದಿದರೆ ಇಂಜಿನ್ ತಾನೇ ಶಕ್ತಿ ತಗ್ಗಿಸಿಕೊಳ್ಳುತ್ತದೆ. ಕಿವಿಗೊಟ್ಟು ಸದ್ದು ಕೇಳಿ ರೋಗ ಹೇಳುತ್ತಿದ್ದ ಹಳೆಯ ಮಿಸ್ತ್ರಿಗಳು, ಅವರ ಜಾಣ್ಮೆಗೆ ಕೈಮುಗಿಯುತ್ತೇನೆ, ಸ್ಕ್ಯಾನರ್ ಮುಂದೆ ಹುಡುಗನನ್ನು ಕೂಗುವಂತಾಯಿತು. ಕೆಲಸ ಹೋಗಲಿಲ್ಲ, ಓದಿದ ಹುಡುಗನ ಕಡೆಗೆ ಸರಿಯಿತು. ನೂರಾರು ವೋಲ್ಟಿನ ಬ್ಯಾಟರಿಯ ಗಾಡಿಯನ್ನು ನೋಡಿ ಕಲಿಯುತ್ತೇನೆ ಎಂದು ಕೈ ಹಾಕಿದರೆ ಎರಡನೆಯ ಪಾಠಕ್ಕೆ ಆಸಾಮಿ ಉಳಿಯಲಿಕ್ಕಿಲ್ಲ. ಗುರುವಿನ ಗ್ಯಾರೇಜಿನಲ್ಲಿ ಕಲಿತರೆ ಸಾಕು, ಐಟಿಐ ಯಾಕೆ ಎನ್ನುವವರಿಗೂ ಇದೇ ಉತ್ತರ.

ಖಾನಾಪುರ ತಾಲ್ಲೂಕಿನಲ್ಲಿ ಒಮ್ಮೆ ಸುತ್ತಿದರೆ ಕೆಲಸ ಎಲ್ಲಿದೆ ಎಂದು ಕೇಳುವುದು ನಿಲ್ಲುತ್ತದೆ. ಭತ್ತದ ಗದ್ದೆಗಳಿಗೆ ಪವರ್ ಟಿಲ್ಲರು, ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರು ಟ್ರೇಲರು, ಇಟ್ಟಿಗೆ ಭಟ್ಟಿಗಳ ಟಿಪ್ಪರು, ಎಲ್ಲ ಕಡೆ ಜೆಸಿಬಿ. ಗೋವೆಗೆ ಹೋಗುವ ಹೆದ್ದಾರಿಯಲ್ಲೂ ಚೋರ್ಲಾ ಘಾಟಿನಲ್ಲೂ ಮಳೆಗಾಲದಲ್ಲಿ ಕ್ಲಚ್ಚು, ಬ್ರೇಕು ಸುಟ್ಟುಕೊಂಡು ನಿಲ್ಲುವ ಲಾರಿಗಳಿಗೆ ಲೆಕ್ಕವಿಲ್ಲ. ಹೈಡ್ರಾಲಿಕ್ಸ್ ಗೊತ್ತಿರುವ ಜೆಸಿಬಿ ಮೆಕ್ಯಾನಿಕ್‌ನನ್ನು ಜಾಂಬೋಟಿ ಕಾಡಿನ ಅಂಚಿನ ಊರಿಗೆ ಕರೆಸಬೇಕಾದರೆ ಅವನು ಹೇಳಿದ ದಿನ, ಅವನು ಹೇಳಿದ ರೇಟು. ಆ ಹುಡುಗ ಹತ್ತನೆಯ ವರ್ಷಕ್ಕೆ ಎಷ್ಟು ಗಳಿಸುತ್ತಾನೆ ಎಂಬುದು ಯಾವ ಪ್ಲೇಸ್‌ಮೆಂಟ್ ಪಟ್ಟಿಯಲ್ಲೂ ಬರುವುದಿಲ್ಲ, ಯಾಕೆಂದರೆ ಅವನಿಗೆ ಮಾಲೀಕನೇ ಇಲ್ಲ. ಬಿಇಯವನ ಗಳಿಕೆಯನ್ನು ಜೀವಮಾನದ ಮೇಲೆ ಎಣಿಸುವವರು ಮೆಕ್ಯಾನಿಕ್‌ನ ಗಳಿಕೆಯನ್ನು ಮೊದಲ ತಿಂಗಳಿಗೇ ನಿಲ್ಲಿಸುತ್ತಾರೆ.

ಕಾಲೇಜುಗಳೂ ಪಾಲಕರ ಈ ಲೆಕ್ಕದ ಹಿಂದೆಯೇ ಹೋಗಿವೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಬೆಳಗಾವಿಯ ಮಚ್ಛೆಯಲ್ಲಿ 1998ರಿಂದ ಇದೆ. ಅದರ ಅಡಿಯ ಹಲವು ಕಾಲೇಜುಗಳು ಆಟೊಮೊಬೈಲ್ ವಿಭಾಗಕ್ಕೆ ಬಾಗಿಲು ಹಾಕಿ ಕಂಪ್ಯೂಟರ್ ಸೈನ್ಸ್ ಸೀಟು ಹೆಚ್ಚಿಸಿಕೊಂಡವು. 2024-25ರಿಂದ ತಾಂತ್ರಿಕ ಶಿಕ್ಷಣದ ನಿಯಂತ್ರಕ ಎಐಸಿಟಿಇ ಸೀಟುಗಳ ಮೇಲ್ಮಿತಿಯನ್ನೂ ತೆಗೆಯಿತು. ಬೇಡಿಕೆ ಇದ್ದ ಕಡೆ ಸೀಟು ಎನ್ನುತ್ತಾರೆ. ಯಾರ ಬೇಡಿಕೆ? ಪಾಲಕರ ಬೇಡಿಕೆ, ಕಂಪನಿಯದ್ದಲ್ಲ. ಸೀಟು ಮಾರುವವನಿಗೆ ಅದು ಸಾಕು.

ಕೊನೆಗೆ ಉಳಿಯುವುದು ಮದುವೆ. ಖರ್ಚು, ಗಳಿಕೆ, ಇವಿ ಎಲ್ಲ ಮಾತಾಡಿ ಸೋತ ಮೇಲೆ ಪಾಲಕರು ತಗ್ಗಿದ ದನಿಯಲ್ಲಿ ಹೇಳುವುದು ಇದನ್ನೇ: “ಮೆಕ್ಯಾನಿಕ್‌ಗ ಯಾರ ಹೆಣ್ಣ ಕೊಡ್ತಾರ್ರಿ?” ಇದು ಪ್ರಾಮಾಣಿಕ ಮಾತು. ಇದಕ್ಕೆ ನನ್ನ ಬಳಿ ಅಂಕಿಯ ಉತ್ತರವಿಲ್ಲ. ಕೈಯಿಂದ ಮಾಡುವ ಕೆಲಸವನ್ನು ಕೆಳಗಿನ ಜಾತಿಯವರಿಗೆ, ಮುಸಲ್ಮಾನರ ಓಣಿಗಳಿಗೆ ಬಿಟ್ಟುಕೊಟ್ಟು ಕೂತ ಸಮಾಜ ಅದಕ್ಕೆ ಪಗಾರವನ್ನೂ ಗೌರವವನ್ನೂ ಒಟ್ಟಿಗೇ ಕಡಿಮೆ ಮಾಡಿತು. ಹಾಗಿದ್ದರೆ ಹಾಗೆಂದೇ ಹೇಳಿ. ಮರ್ಯಾದೆ ಕೊಳ್ಳಲು ಏಳು ಲಕ್ಷ ಕೊಡುತ್ತಿದ್ದೇವೆ ಎನ್ನಿ, ಅದು ನಿಮ್ಮ ದುಡ್ಡು, ನಿಮ್ಮ ಇಷ್ಟ. ಅದನ್ನು ಹೂಡಿಕೆ, ಲಾಭ ಎಂದು ಕರೆದು ಹೊಲ ಅಡವಿಡಬೇಡಿ.

ಈ ಸಲ ಪ್ರವೇಶಕ್ಕೆ ಹೊರಟವರಲ್ಲಿ ಒಂದು ವಿನಂತಿ. ಎನ್‌ಐಆರ್‌ಎಫ್ ರ‍್ಯಾಂಕಿಂಗಿಗೆ ಅರ್ಜಿ ಹಾಕುವ ಕಾಲೇಜುಗಳು ಕೆಲಸ ಸಿಕ್ಕವರ ಸಂಖ್ಯೆಯನ್ನೂ ಅವರ ನಡುವಿನವನ ಪಗಾರವನ್ನೂ ಮೂರು ವರ್ಷದ್ದು ಕೊಡಬೇಕು, ತಮ್ಮ ವೆಬ್‌ಸೈಟಿನಲ್ಲೂ ಹಾಕಬೇಕು. ಬ್ಯಾನರ್ ನೋಡುವ ಮೊದಲು ಆ ಪುಟ ತೆಗೆಸಿ, ಎಷ್ಟು ಜನ ಪಾಸಾದರು, ಎಷ್ಟು ಜನಕ್ಕೆ ಕೆಲಸವಾಯಿತು ಎಂಬ ಎರಡೂ ಸಂಖ್ಯೆ ಓದಿಸಿಕೊಳ್ಳಿ. ಐಟಿಐಗೂ ಹೋಗಿ, ಕಳೆದ ಬ್ಯಾಚಿನ ಎಲ್ಲ ಹುಡುಗರು ಈಗ ಎಲ್ಲಿದ್ದಾರೆ, ಎಷ್ಟು ಪಗಾರ, ವರ್ಕ್‌ಶಾಪಿನಲ್ಲಿ ಬಿಎಸ್-6 ಇಂಜಿನ್ ಇದೆಯೇ, ಸ್ಕ್ಯಾನರ್ ಕಪಾಟಿನಲ್ಲಿದೆಯೋ ಹುಡುಗರ ಕೈಯಲ್ಲಿದೆಯೋ ಎಂದು ಕೇಳಿ. ಉತ್ತರ ಕೊಡಲು ತಡವರಿಸುವ ಕಡೆ ಮಗನನ್ನಾಗಲಿ ಮಗಳನ್ನಾಗಲಿ ಸೇರಿಸಬೇಡಿ, ಅದು ಬಿಇ ಕಾಲೇಜಾದರೂ ಸರಿ, ಐಟಿಐ ಆದರೂ ಸರಿ.